ರಕ್ತದ ಗುಂಪೂ ಕತ್ತಿನ ಗಂಟೂ

ಅಪರೂಪವಾದ ಒಂದು ರೋಗವು ಪ್ರಾಪ್ತವಾದಾಗ ಮನುಷ್ಯನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ‘ಇದು ನನಗೇ ಏಕೆ ಬಂದಿತು?’ ಎಂಬುದು, ಔಷಧದ ವಿಚಾರ ಆಮೇಲಿನದು. ನಮ್ಮ ಹಿರಿಯರು ಈ ಪ್ರಶ್ನೆಗೆ ಗ್ರಹಚಾರವೆಂದೋ ಪೂರ್ವಾರ್ಜಿತವೆಂದೋ ಉತ್ತರ ಹೇಳಿಕೊಂಡು ಸಮಾಧಾನಪಡುತ್ತಿದ್ದರು. ಈಗಿನ ವಿದ್ಯಾವಂತರಿಗೆ ಆ ಉತ್ತರ ರುಚಿಸುವುದಿಲ್ಲ. ಅವರ ಜೇಬಿನಲ್ಲಿ ರಕ್ತದ ಗುಂಪನ್ನು ಬರೆದ ಚೀಟಿಯೊಂದು ಇರುತ್ತದೆ. ಜಾತಕದ ಜತೆಗೆ ವರನ ರಕ್ತದ ಗುಂಪನ್ನೂ ವಿಚಾರಿಸುವ ಮನೆಗಳು ಈಗ ಎಷ್ಟೋ ಉಂಟು. ಹೀಗಿರಲಾಗಿ, ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡು, ಅದು ಹತ್ತಾರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರುವಂತಹುದೆಂದು ವೈದ್ಯರು ತಿಳಿಸಿದಾಗ, ‘ನಮ್ಮ ರಕ್ತದ ಗುಂಪೇ ಇದಕ್ಕೆ ಕಾರಣವಾಗಿರಬಹುದೆ?’ ಎಂದು ಕೇಳುವುದು ಸಹಜವೇ ಸರಿ. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವವರ ಪಕ್ಷ ನಮ್ಮದಲ್ಲ. ಇದರ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ನಿಜವಾದ ಶಾಸ್ತ್ರವಿದೆ. ಆ ಶಾಸ್ತ್ರವು ಎಲ್ಲಿಯವರೆಗೆ ನಮ್ಮ ಕೈ ಹಿಡಿದು ನಡೆಸುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನು ಈ ಹೊತ್ತು ಸ್ವಲ್ಪ ಆಲೋಚಿಸೋಣ.

ಮೊದಲು ಗಂಟಿನ ವಿಚಾರ. ಎದೆಯಿಂದ ತಲೆಗೆ ರಕ್ತವನ್ನು ಒಯ್ಯತಕ್ಕ ದೊಡ್ಡ ನಾಳಗಳು ಕತ್ತಿನ ಎರಡು ಮಗ್ಗುಲಲ್ಲಿಯೂ ಒಂದೊಂದು ಇವೆ. ಗಂಟಲಮಣಿಯ ಪಕ್ಕದಲ್ಲಿ ಬೆರಳಿಟ್ಟು ನೋಡಿದರೆ ಇವುಗಳ ಮಿಡಿತವು ಚೆನ್ನಾಗಿ ತಿಳಿಯುತ್ತದೆ. ದವಡೆಯ ಮೂಲೆಯಿಂದ ಸ್ವಲ್ಪ ಕೆಳಗೆ ಈ ನಾಳವು ಎರಡು ಕವಲಾಗಿ, ಒಂದು ಕವಲು ಮಿದುಳಿಗೂ ಮತ್ತೊಂದು ಮುಖ ನೆತ್ತಿಗಳ ಕಡೆಗೂ ಹೋಗುವುದು. ಆ ಕವಲಿನ ಸಂದಿನಲ್ಲಿ ಅಕ್ಕಿಯ ಕಾಳಿನಷ್ಟು ಗಾತ್ರದ ಒಂದು ಅಂಗವು ಅಡಗಿಕೊಂಡಿದೆ. ಇದಕ್ಕೆ ಕೆರೋಟಿಡ್ ಕಾಯವೆಂದು ಹೆಸರು. ಹದಿನೆಂಟನೆಯ ಶತಮಾನದ ಅಂಗರಚನಾಶಾಸ್ತ್ರಜ್ಞರೇ ಇದನ್ನು ಕಂಡಿದ್ದರು. ಆದರೆ ಇದರ ಕೆಲಸವೇನೆಂಬುದು ಇಪ್ಪತ್ತನೆಯ ಶತಮಾನದ ವರೆಗೂ ತಿಳಿಯಲಿಲ್ಲ. ಸ್ಪೆಯಿನ್ ದೇಶದ ಡಿ ಕಾಸ್ಟ್ರೋ ಎಂಬವರು ಇದರ ನರಗಳನ್ನು ಪರೀಕ್ಷಿಸಿ, ಇದು ರಕ್ತದ ರುಚಿ ನೋಡತಕ್ಕ ಅಂಗವಾಗಿರಬೇಕೆಂದು ಊಹಿಸಿದರು. ಬೆಲ್ಜಿಯಂ ದೇಶದ ಹೇಮನ್ಸ್ ಎಂಬವರು ಆ ಊಹೆಯನ್ನು ಪ್ರಯೋಗದಿಂದ ಸ್ಥಾಪಿಸಿ ೧೯೩೮ನೆಯ ವರ್ಷದ ನೊಬೆಲ್ ಬಹುಮಾನವನ್ನು ಪಡೆದರು. ರಕ್ತದಲ್ಲಿ ಆಮ್ಲಜನಕವು ಕಡಮೆಯಾದರೆ ಈ ಕಾಳಿನಷ್ಟರ ಅಂಗವು ಒಡನೆಯೇ ಎಚ್ಚತ್ತು ಮಿದುಳಿಗೆ ಸುದ್ದಿ ಕಳುಹಿಸುತ್ತದೆ, ಉಸಿರಾಟವು ಬಿರುಸಾಗುತ್ತದೆ. ಬೆಟ್ಟವನ್ನು ಹತ್ತುವಾಗ ನಾವು ಏದುವುದಕ್ಕೆ ಒಂದು ಕಾರಣ ಈ ಕಾವಲುಗಾರನೇ.

ಈ ಕಾವಲುಗಾರನೇ ಬೆಳೆದು ಗಡ್ಡೆಯಾಗುವುದು ಬಹಳ ಅಪರೂಪ. ತಲೆ ಕತ್ತುಗಳಲ್ಲಿ ಏಳುವ ಗಡ್ಡೆಗಳನ್ನೆಲ್ಲ ಒಟ್ಟುಗೂಡಿಸಿದರೂ ಇದರ ಪಾಲು ನೂರಕ್ಕೆ ಒಂದನ್ನು ಮುಟ್ಟುವುದಿಲ್ಲ. ಇದು ದವಡೆಯ ಮೂಲೆಯ ಕೆಳಗೆ, ನೋವಿಲ್ಲದೆ, ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಬೆರಳಿನಿಂದ ಅಲುಗಿಸಿ ನೋಡಿದರೆ ಹಿಂದಕ್ಕೂ ಮುಂದಕ್ಕೂ ಜರುಗುವುದು, ಮೇಲಕ್ಕೂ ಕೆಳಕ್ಕೂ ಜರುಗದು. ನಾಳಕ್ಕೆ ಅಂಟಿಕೊಂಡಿರುವುದರಿಂದ ಹೀಗೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಗಂಟುಗಳು ಬೇರೆ ಅಂಗಗಳಿಗೆ ಹರಡತಕ್ಕವಲ್ಲ. ಹಾಗೆಂದು ಇದನ್ನು ಸಾಧುವೆಂದು ಹೇಳುವುದಕ್ಕೂ ಆಗದು. ಇದು ರಕ್ತನಾಳಗಳ ಒಂದು ಗೊಂಚಲು. ಗೊತ್ತಿಲ್ಲದೆ ಇದಕ್ಕೆ ಕತ್ತಿಯಿಟ್ಟರೆ ಹರಿಯುವ ರಕ್ತವನ್ನು ನಿಲ್ಲಿಸುವುದು ಕಷ್ಟ; ನಿಲ್ಲಿಸುವುದಕ್ಕಾಗಿ ದೊಡ್ಡ ನಾಳವನ್ನೇ ಕಟ್ಟಿದರೆ ಮಿದುಳಿಗೆ ರಕ್ತ ತಪ್ಪಿ ಅರ್ಧಾಂಗವಾಯುವು ಬರಬಹುದು. ಇದನ್ನು ತೆಗೆಯಲು ೧೮೮೦ರಲ್ಲಿ ಮೊದಲು ಯತ್ನಿಸಿದಾಗ ರೋಗಿ ಉಳಿಯಲಿಲ್ಲ. ೧೮೮೬ರ ರೋಗಿ ಉಳಿದನು, ಆದರೆ ಪಾರ್ಶ್ವವಾಯುವಿಗೆ ಗುರಿಯಾದನು. ನಾಳವನ್ನು ಉಳಿಸಿ ಗಂಟನ್ನು ಮಾತ್ರ ಬಿಡಿಸಿದ್ದು ೧೮೮೯ರಲ್ಲಿ.

ಈಗ ಪ್ರದೇಶದ ಮಾತು. ನಮ್ಮ ವಿಚಾರಕ್ಕೆ ನೆಲೆಯಾಗಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ತೆಗೆದುಕೊಳ್ಳುತ್ತೇವೆ. ಆಳಂದದ ಕಡೆಯಿಂದ ಇಳಿದು ಬರುವ ಅಮರಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಗೆ ಹರಿಯುತ್ತದೆ. ಜೋಳ ತೊಗರಿಗಳ ಕಪ್ಪುನೆಲ; ಸಮುದ್ರಮಟ್ಟದಿಂದ ನಾಲ್ಕೈದು ನೂರು ಮೀಟರುಗಳ ಎತ್ತರವಿರುವ ಬಯಲು. ೧೯೪೮ರ ವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, ೧೯೫೬ರಲ್ಲಿ ಕನ್ನಡ ನಾಡಿನೊಡನೆ ಕೂಡಿಕೊಂಡ ಸೀಮೆ. ಇಲ್ಲಿಯ ಜನರ ಆಸ್ಪತ್ರೆಯ ದಾರಿಗಳು ಒಂದೇ ಕಡೆಗೆ ಹೋಗುವುದಿಲ್ಲ. ಕೆಲವರು ಕಲಬುರಗಿಗೆ ಹೋಗುವರು. ಆಳಂದ, ಅಫಜಲಪುರದ ಗಡಿಯವರಿಗೆ ಸೊಲ್ಲಾಪುರವೂ ದೂರವಲ್ಲ. ಹೈದರಾಬಾದಿಗೆ ಹೋಗುವವರೂ ಉಂಟು, ಮಿರಜೆಗೆ ಹೋಗುವವರೂ ಉಂಟು. ಇದು ಅಪ್ರಕೃತವಾದ ಮಾತೆಂದು ತೋರಬಹುದು. ಆದರೆ ಅಪರೂಪದ ರೋಗವೊಂದರ ಲೆಕ್ಕವನ್ನು ಹಾಕಬೇಕಾದರೆ ಇದೇ ಮುಖ್ಯವಾದ ತೊಡಕು. ಹತ್ತು ಮಂದಿ ರೋಗಿಗಳ ಕಾಗದಗಳು ಮೂರು ರಾಜ್ಯಗಳ ನಾಲ್ಕೂರುಗಳಲ್ಲಿ ಚದರಿಹೋಗಿರುವಾಗ, ಯಾವ ಗುಂಪಿನವರು ಎಷ್ಟು ಮಂದಿಯೆಂದು ಒಂದೆಡೆ ಕುಳಿತು ಎಣಿಸುವವರಾರು?

ರಕ್ತದ ಗುಂಪುಗಳ ಕಥೆ ಶ್ರೋತೃಗಳಲ್ಲಿ ಬಹುಮಂದಿಗೆ ತಿಳಿದದ್ದೇ ಆದುದರಿಂದ ಬೇಗನೆ ಹೇಳಿ ಮುಗಿಸುತ್ತೇವೆ. ವಿಯೆನ್ನಾ ನಗರದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮಹಾಶಯರು ೧೯೦೧ರಲ್ಲಿ ಮನುಷ್ಯರ ರಕ್ತವೆಲ್ಲ ಒಂದೇ ಬಗೆಯದಲ್ಲವೆಂದು ತೋರಿಸಿಕೊಟ್ಟರು. ಕೆಂಪುಕಣಗಳ ಮೈಮೇಲೆ ಸಕ್ಕರೆಯ ಜಾತಿಯ ಪದಾರ್ಥಗಳು ಸರಪಣಿಗಳಾಗಿ ನಿಂತಿರುವುವು. ಆ ಸರಪಣಿಯ ತುದಿಗೆ ಒಂದು ಬಗೆಯ ಸಕ್ಕರೆಯು ಕೂಡಿದರೆ ಎ, ಇನ್ನೊಂದು ಬಗೆಯದು ಕೂಡಿದರೆ ಬಿ, ಎರಡೂ ಇದ್ದರೆ ಎಬಿ, ಯಾವುದೂ ಇಲ್ಲದಿದ್ದರೆ ಓ. ಆರ್‌ಎಚ್ ಎಂಬ ಮತ್ತೊಂದು ಭೇದವು ತಿಳಿದುಬಂದದ್ದು ೧೯೪೦ರಲ್ಲಿ. ಕರ್ನಾಟಕದಲ್ಲಿ ಸುಮಾರಾಗಿ ನೂರರಲ್ಲಿ ನಾಲ್ವತ್ತು ಮಂದಿ ಓ, ಮೂವತ್ತು ಮಂದಿ ಬಿ, ಕಾಲುಭಾಗದಷ್ಟು ಎ, ಉಳಿದ ಐದಾರು ಮಂದಿ ಎಬಿ ಎಂದು ಇಟ್ಟುಕೊಳ್ಳಬಹುದು. ಯೂರೋಪಿನಲ್ಲಿ ಬಿ ಗುಂಪು ಇಷ್ಟು ಹೆಚ್ಚಾಗಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಾಲೋನಿಕಾ ಬಂದರಿನಲ್ಲಿ ನೆರೆದಿದ್ದ ನಾನಾ ದೇಶಗಳ ಸಿಪಾಯಿಗಳ ರಕ್ತವನ್ನು ಪರೀಕ್ಷಿಸಿದ ಹಿರ್ಷ್‌ಫೆಲ್ಡ್ ದಂಪತಿಗಳು, ಭಾರತೀಯ ಸಿಪಾಯಿಗಳಲ್ಲಿ ಬಿ ಗುಂಪು ಅತಿಶಯವಾಗಿರುವುದನ್ನು ಕಂಡು ೧೯೧೯ರಲ್ಲಿ ಪ್ರಕಟಿಸಿದರು. ಒಂದೊಂದು ಜನಾಂಗದಲ್ಲಿ ಗುಂಪುಗಳ ಪ್ರಮಾಣ ಒಂದೊಂದು ರೀತಿಯೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ರಕ್ತದ ಗುಂಪಿಗೂ ಗಡ್ಡೆಗೂ ನಂಟು ಉಂಟೆಂಬ ಮಾತು ಗಟ್ಟಿಯಾದ ನೆಲದ ಮೇಲೆ ನಿಂತದ್ದು ೧೯೫೩ರಲ್ಲಿ. ಇಂಗ್ಲೆಂಡಿನ ಶಸ್ತ್ರವೈದ್ಯರಾದ ಐಯನ್ ಏರ್ಡ್ ಎಂಬವರೂ ಅವರ ಸಂಗಡಿಗರೂ ಹೊಟ್ಟೆಯ ಕ್ಯಾನ್ಸರಿನ ರೋಗಿಗಳನ್ನು ಸಾವಿರಗಟ್ಟಲೆ ಎಣಿಸಿ, ಅವರಲ್ಲಿ ಎ ಗುಂಪಿನವರು ಇರಬೇಕಾದುದಕ್ಕಿಂತ ಹೆಚ್ಚಾಗಿಯೂ ಓ ಗುಂಪಿನವರು ಕಡಮೆಯಾಗಿಯೂ ಇರುವುದನ್ನು ತೋರಿಸಿದರು. ಈ ಸಂಶೋಧನೆಯಲ್ಲಿ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಹೊಟ್ಟೆಯ ಕ್ಯಾನ್ಸರು ಹೆಚ್ಚು. ಓ ಗುಂಪಿನವರೂ ಉತ್ತರದಲ್ಲಿಯೇ ಹೆಚ್ಚು. ಭೂಪಟವನ್ನು ಮಾತ್ರ ನೋಡುವವನು ಓ ಗುಂಪನ್ನೇ ಅಪರಾಧಿಯೆಂದು ಹಿಡಿಯುತ್ತಿದ್ದನು. ಒಂದೊಂದು ಊರಿನಲ್ಲಿಯೂ ರೋಗಿಗಳನ್ನು ಅದೇ ಊರಿನ ಆರೋಗ್ಯವಂತರೊಡನೆ ಹೋಲಿಸಿದಾಗ ತೀರ್ಪು ತಿರುಗಿಹೋಯಿತು, ಸಿಕ್ಕಿಬಿದ್ದದ್ದು ಎ. ಆದರೆ ಈ ಎ ಗುಂಪಿನ ಅಪರಾಧವಾದರೂ ಎಷ್ಟು? ಓ ಗುಂಪಿನವರಲ್ಲಿ ಐವರಿಗೆ ರೋಗ ಬರುವಷ್ಟು ಕಾಲದಲ್ಲಿ ಅಷ್ಟೇ ಸಂಖ್ಯೆಯ ಎ ಗುಂಪಿನವರಲ್ಲಿ ಆರು ಮಂದಿಗೆ ಬರುತ್ತದೆ, ಅಷ್ಟೇ. ಮುಂದೆ ೧೯೬೨ರಲ್ಲಿ, ಕತ್ತಿಗೆ ನೆರೆಯಲ್ಲಿಯೇ ಇರುವ ಜೊಲ್ಲಿನ ಗ್ರಂಥಿಗಳ ಗಡ್ಡೆಗಳಲ್ಲಿಯೂ ಎ ಗುಂಪು ಹೆಚ್ಚೆಂಬ ವರದಿ ಅಮೆರಿಕದಿಂದ ಹೊರಟಿತು. ೨೦೦೯ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ರಕ್ತದ ಗುಂಪಿನ ವಂಶವಾಹಿಗೂ ನಂಟಿರುವುದು ಬಹು ದೊಡ್ಡ ಪರಿಶೀಲನೆಯಿಂದ ತಿಳಿಯಿತು. ಅಲ್ಲಿ ಓ ಗುಂಪಿನವರಿಗೆ ಅಪಾಯ ಸ್ವಲ್ಪ ಕಡಮೆ. ಹೊಟ್ಟೆ, ಜೊಲ್ಲಿನ ಗ್ರಂಥಿ, ಮೇದೋಜೀರಕ ಈ ಮೂರರ ಒಳಪದರದ ಕಣಗಳ ಮೇಲೂ ಅವುಗಳ ಸ್ರಾವಗಳಲ್ಲಿಯೂ ರಕ್ತದ ಗುಂಪಿನ ಸಕ್ಕರೆಗಳು ಇರುತ್ತವೆ. ಆದುದರಿಂದ ಅಲ್ಲಿ ನಂಟು ಇರುವುದು ಆಶ್ಚರ್ಯವಲ್ಲ. ಕೆರೋಟಿಡ್ ಕಾಯದ ಗಂಟಾದರೋ ಬೇರೆ ಕುಲದ್ದು. ಅದರ ಕಣಗಳು ನರಗಳ ಬಳಗಕ್ಕೆ ಸೇರಿದುವು. ಹೊಟ್ಟೆಯ ವಿಚಾರದಲ್ಲಿ ನಿಜವಾದುದನ್ನು ಇದಕ್ಕೆ ಹಾಗೆಯೇ ಎತ್ತಿ ಹಚ್ಚುವುದು ನ್ಯಾಯವಾಗಲಾರದು.

ಎಣಿಸಿಯೇ ನೋಡಬಹುದಲ್ಲ ಎಂದು ಯಾರಾದರೂ ಹೇಳಬಹುದು. ಎಣಿಕೆಯ ಮೋಸ ಇಲ್ಲಿಯೇ ಇರುವುದು. ನಮ್ಮ ಮೂರು ತಾಲ್ಲೂಕುಗಳಿಂದ ಹಲವಾರು ವರ್ಷಗಳಲ್ಲಿ ಇಂತಹ ಹತ್ತು ಮಂದಿ ರೋಗಿಗಳು ಒಬ್ಬ ವೈದ್ಯರ ಬಳಿಗೆ ಬಂದರೆಂದು ಭಾವಿಸೋಣ. ಅವರಲ್ಲಿ ಐದು ಮಂದಿ ಎ ಗುಂಪಿನವರು. ಜನರಲ್ಲಿ ಕಾಲುಭಾಗವಿರುವ ಗುಂಪು ರೋಗಿಗಳಲ್ಲಿ ಅರ್ಧಭಾಗವಾಯಿತು! ವೈದ್ಯರ ಮನಸ್ಸು ಚಂಚಲವಾಗದೆ ಇದ್ದೀತೆ? ಆದರೆ ಲೆಕ್ಕ ಹಾಕಿ ನೋಡಿದರೆ, ಯಾವ ನಂಟೂ ಇಲ್ಲದೆ ಬರಿಯ ಆಕಸ್ಮಿಕದಿಂದಲೇ ಹತ್ತರಲ್ಲಿ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಎ ಆಗುವುದು ನೂರು ಸಲಕ್ಕೆ ಸುಮಾರು ಎಂಟು ಸಲ ಸಂಭವಿಸುತ್ತದೆ. ಎ ಗುಂಪನ್ನು ಮಾತ್ರವಲ್ಲದೆ ಬಿ, ಓ, ಎಬಿ ಗುಂಪುಗಳನ್ನೂ, ಅವುಗಳ ಮೇಲೆ ಆರ್‌ಎಚ್ ಭೇದವನ್ನೂ ಒಂದಾದ ಮೇಲೊಂದರಂತೆ ಹುಡುಕುತ್ತ ಹೋದರೆ, ಯಾವುದೋ ಒಂದು ‘ನಂಟು’ ಸಿಕ್ಕದೆ ಹೋಗುವುದೇ ಕಷ್ಟ. ಆರ್‌ಎಚ್ ಇಲ್ಲದವರು ನಮ್ಮಲ್ಲಿ ನೂರಕ್ಕೆ ಐವರೆಂದು ಹಿಡಿದರೂ, ಹತ್ತು ಮಂದಿಯ ಗುಂಪಿನಲ್ಲಿ ಅಂತಹವನೊಬ್ಬನಾದರೂ ಇರುವ ಸಂಭವ ಹತ್ತಕ್ಕೆ ನಾಲ್ಕು. ಆ ಒಬ್ಬನನ್ನು ಕಂಡು ‘ನೆಗೆಟಿವ್ ರಕ್ತದವರಿಗೆ ಈ ಗಂಟು ಬರುತ್ತದಂತೆ’ ಎಂದು ಹೊರಟ ಸುದ್ದಿ ಅಫಜಲಪುರದ ಸಂತೆಯನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ಅಂತಹ ಸುದ್ದಿಯಿಂದ ಒಂದು ಹೆಣ್ಣಿನ ಸಂಬಂಧ ಮುರಿದುಹೋಗಬಹುದು. ಏರ್ಡ್ ಅವರು ತೋರಿಸಿದಂತಹ ಐದಕ್ಕೆ ಆರರ ಸೂಕ್ಷ್ಮವಾದ ಅಂತರವನ್ನು ಹಿಡಿಯಲು ಸಾವಿರಾರು ರೋಗಿಗಳು ಬೇಕು. ಈ ಗಂಟಿನ ವಿಚಾರದಲ್ಲಿ ಯಾವ ಒಂದು ಆಸ್ಪತ್ರೆಗೂ ಅಷ್ಟು ಮಂದಿ ಸಿಕ್ಕುವುದಿಲ್ಲ.

ಹಾಗಾದರೆ ಲೋಕದ ರೋಗಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸಿದರೆ? ಆಗ ಇನ್ನೂ ದೊಡ್ಡ ಗುಂಡಿಗೆ ಬೀಳುತ್ತೇವೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಆಂಡೀಸ್ ಪರ್ವತಗಳ ಮೇಲೆ, ಮೂರು ನಾಲ್ಕು ಸಾವಿರ ಮೀಟರುಗಳ ಎತ್ತರದಲ್ಲಿ, ಜನರು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಅಲ್ಲಿಯ ಗಾಳಿ ತೆಳು. ಆಮ್ಲಜನಕದ ಕಾವಲುಗಾರನಿಗೆ ಹಗಲೂ ಇರುಳೂ ದುಡಿಮೆ. ದುಡಿದು ದುಡಿದು ಆ ಅಂಗವು ದಪ್ಪವಾಗುತ್ತದೆ. ಅಲ್ಲಿಯವರಲ್ಲಿ ಈ ಗಂಟು ಸಮುದ್ರತೀರದ ಜನರಿಗಿಂತ ಸುಮಾರು ಹತ್ತು ಪಾಲು ಹೆಚ್ಚೆಂದು ೧೯೭೩ರಲ್ಲಿ ಸಲ್ಡಾನ್ಯಾ ಮೊದಲಾದ ವೈದ್ಯರು ಪ್ರಕಟಿಸಿದರು. ಆ ಎತ್ತರದಲ್ಲಿ ಮೇಯುವ ದನಗಳಿಗೆ ಸಹ ಇದು ಬರುವುದುಂಟಂತೆ. ಒಳ್ಳೆಯದು, ಈಗ ಮತ್ತೊಂದು ಸಂಗತಿಯನ್ನು ನೋಡಬೇಕು. ಆಂಡೀಸ್ ಪರ್ವತದ ಮೂಲನಿವಾಸಿಗಳು ಹೆಚ್ಚು ಕಡಮೆ ಎಲ್ಲರೂ ಓ ಗುಂಪಿನವರು! ಆದುದರಿಂದ ಪೆರುವಿನ ರೋಗಿಗಳನ್ನೂ ಯೂರೋಪಿನ ರೋಗಿಗಳನ್ನೂ ನಮ್ಮ ಭೀಮಾತೀರದ ರೋಗಿಗಳನ್ನೂ ಒಂದೇ ಚೀಲದಲ್ಲಿ ಹಾಕಿ ಅಲ್ಲಾಡಿಸಿದರೆ, ಓ ಗುಂಪೇ ಗಂಟಿಗೆ ಕಾರಣವೆಂಬ ಲೆಕ್ಕವು ನೀಟಾಗಿ ಹೊರಬೀಳುತ್ತದೆ. ಕಾರಣ ಪರ್ವತದ ಎತ್ತರ. ಅಪವಾದ ರಕ್ತದ ಗುಂಪಿಗೆ. ನಮ್ಮ ಆಳಂದ, ಜೇವರ್ಗಿಗಳ ಬಯಲಿಗೆ ಆ ಎತ್ತರದ ಕಾರಣವು ಅನ್ವಯಿಸತಕ್ಕದ್ದೇ ಅಲ್ಲ. ಇಲ್ಲಿಯವನಿಗೆ ಗಂಟು ಬಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಆ ಬೇರೆ ಕಡೆ ಯಾವುದೆಂಬುದು ೨೦೦೦ದ ಇಸವಿಯಿಂದೀಚೆಗೆ ಬಹುಮಟ್ಟಿಗೆ ತಿಳಿದುಬಂದಿದೆ. ನಮ್ಮ ದೇಹದ ಬಹುಪಾಲು ಕಣಗಳಲ್ಲಿ ಆಮ್ಲಜನಕವನ್ನು ಉಪಯೋಗಿಸಿ ಶಕ್ತಿಯನ್ನು ಹುಟ್ಟಿಸುವ ಒಂದು ಒಲೆಯುಂಟು. ಆ ಒಲೆಯ ಒಂದು ಭಾಗಕ್ಕೆ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಎಂದು ಹೆಸರು. ಹೆಸರು ಉದ್ದವಾದರೂ ಕೆಲಸ ಸರಳ: ಸಕ್ಸಿನೇಟ್ ಎಂಬ ಪದಾರ್ಥವನ್ನು ಮುಂದಿನ ಹಂತಕ್ಕೆ ದಾಟಿಸುವುದು. ಈ ಭಾಗವನ್ನು ಕಟ್ಟುವ ವಂಶವಾಹಿಯಲ್ಲಿ ದೋಷವಿದ್ದರೆ ಸಕ್ಸಿನೇಟ್ ಕಣದಲ್ಲಿ ಶೇಖರವಾಗುತ್ತದೆ. ಆಮ್ಲಜನಕವು ಬೇಕಾದಷ್ಟು ಇದ್ದರೂ ಕಣಕ್ಕೆ ಅದು ಇಲ್ಲವೆಂಬ ಭ್ರಾಂತಿಯುಂಟಾಗುತ್ತದೆ. ಜೇವರ್ಗಿಯ ಬಯಲಿನಲ್ಲಿ ಕುಳಿತಿರುವವನ ಕಾವಲುಗಾರನು ತಾನು ಆಂಡೀಸ್ ಶಿಖರದ ಮೇಲೆ ಇರುವೆನೆಂದು ಭ್ರಮಿಸಿ ಬೆಳೆಯತೊಡಗುತ್ತಾನೆ. ಎರಡು ಕಥೆಗಳು ಹೀಗೆ ಒಂದೇ ಕಡೆ ಬಂದು ಕೂಡುವುದನ್ನು ನೋಡಿದರೆ ಸಂತೋಷವಾಗುತ್ತದೆ. ತಲೆ ಕತ್ತುಗಳಲ್ಲಿ ಏಳುವ ಈ ಜಾತಿಯ ಗಂಟುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೀಗೆ ವಂಶದಿಂದ ಬಂದುವು.

ಈ ವಂಶವಾಹಿಗಳ ವಿಳಾಸವನ್ನು ನೋಡೋಣ. ಎ, ಬಿ, ಓ ಗುಂಪುಗಳನ್ನು ನಿರ್ಣಯಿಸುವ ವಂಶವಾಹಿ ಒಂಬತ್ತನೆಯ ವರ್ಣತಂತುವಿನಲ್ಲಿದೆ. ೨೦೦೦ದಲ್ಲಿ ಮೊದಲು ಸಿಕ್ಕಿದ ಎಸ್‌ಡಿಎಚ್‌ಡಿ ಎಂಬ ದೋಷದ ನೆಲೆ ಹನ್ನೊಂದನೆಯದರಲ್ಲಿ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಎಸ್‌ಡಿಎಚ್‌ಬಿ ಎಂಬ ಎರಡನೆಯದು ಇರುವುದು ಒಂದನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿ. ಆರ್‌ಎಚ್ ಗುಂಪಿನ ವಂಶವಾಹಿಯೂ ಅದೇ ತೋಳಿನಲ್ಲಿ, ಅದರ ನೆರೆಯಲ್ಲಿಯೇ ಇದೆ! ಇಷ್ಟು ಕೇಳಿದೊಡನೆ ‘ನಂಟು ಸಿಕ್ಕಿತು’ ಎಂದು ಹಾರತಕ್ಕದ್ದಲ್ಲ. ಒಂದೇ ಬಂಡಿಯಲ್ಲಿ ಪಯಣ ಮಾಡುವ ಇಬ್ಬರು ಒಂದೇ ಊರಿನವರಾಗಿರಬಹುದು, ಬಂಧುಗಳೇ ಆಗಬೇಕೆಂಬ ನಿಯಮವಿಲ್ಲ. ಒಂದು ಕುಟುಂಬದಲ್ಲಿ ಗಂಟಿನ ದೋಷವು ನೆಗೆಟಿವ್ ಗುಂಪಿನ ವಂಶವಾಹಿಯ ಜತೆಗೆ ಬಂಡಿಯೇರಿದ್ದರೆ, ಆ ಮನೆಯಲ್ಲಿ ನೆಗೆಟಿವ್ ಗುಂಪಿನ ಮಕ್ಕಳಿಗೆ ರೋಗ ಹೆಚ್ಚಾಗಿ ಕಾಣಬಹುದು. ಪಕ್ಕದ ಮನೆಯಲ್ಲಿ ಅದೇ ದೋಷವು ಪಾಸಿಟಿವ್ ಗುಂಪಿನ ಜತೆಗೆ ಕುಳಿತಿರಬಹುದು; ಅಲ್ಲಿ ಲೆಕ್ಕ ತಿರುಗುಮುರುಗು. ಊರನ್ನೆಲ್ಲ ಒಟ್ಟು ನೋಡಿದರೆ ಗುಂಪಿಗೂ ರೋಗಕ್ಕೂ ನಂಟು ಶೂನ್ಯ. ಇದರ ಮೇಲೆ, ಅಕ್ಕಪಕ್ಕದ ವಂಶವಾಹಿಗಳು ಕೂಡ ತಲೆಮಾರಿನಿಂದ ತಲೆಮಾರಿಗೆ ದಾಟುವಾಗ ಕೆಲವು ಸಲ ಬಂಡಿ ಬದಲಾಯಿಸುವುದುಂಟು. ಇಂತಹ ಸಹಪ್ರಯಾಣದ ಉದಾಹರಣೆಗಳು ಹಳೆಯವೇ: ಉಗುರು ಮಂಡಿಚಿಪ್ಪುಗಳು ಸರಿಯಾಗಿ ಬೆಳೆಯದ ಒಂದು ವಂಶರೋಗವು ಎ, ಬಿ, ಓ ವಂಶವಾಹಿಯ ನೆರೆಯಲ್ಲಿದೆಯೆಂದು ರೆನ್‌ವಿಕ್, ಲಾಲರ್ ಎಂಬವರು ೧೯೫೫ರಲ್ಲಿ ತೋರಿಸಿದ್ದರು. ಅಲ್ಲಿಯೂ ಯಾವ ಗುಂಪಿನವರಿಗೂ ಆ ರೋಗ ಹೆಚ್ಚೆಂದಾಗಲಿಲ್ಲ. ನೆರೆತನಕ್ಕೂ ಕಾರಣತ್ವಕ್ಕೂ ಇರುವ ಈ ಭೇದವನ್ನು ವೈದ್ಯರೂ ಕೆಲವು ಸಲ ಮರೆಯುವುದನ್ನು ನಾವು ಕಂಡಿದ್ದೇವೆ.

ಎಸ್‌ಡಿಎಚ್‌ಡಿ ದೋಷವು ಇಳಿದು ಬರುವ ರೀತಿಯು ಇನ್ನೂ ವಿಚಿತ್ರವಾಗಿದೆ. ನಮ್ಮ ಸೀಮೆಯ ಸಂಪ್ರದಾಯಕ್ಕೆ ಅದು ವಿಶೇಷವಾಗಿ ತಾಗುತ್ತದೆ. ಈ ದೋಷವು ತಂದೆಯಿಂದ ಬಂದರೆ ಮಾತ್ರ ಗಂಟು ಏಳುತ್ತದೆ. ತಾಯಿಯಿಂದ ಬಂದರೆ ಮಗನೋ ಮಗಳೋ ಅದನ್ನು ಹೊತ್ತಿದ್ದರೂ ಸಾಮಾನ್ಯವಾಗಿ ಜನ್ಮವೆಲ್ಲ ನಿರೋಗಿಯಾಗಿಯೇ ಇರುವರು. ಹಾಲೆಂಡಿನ ಕುಟುಂಬಗಳ ವಂಶವೃಕ್ಷಗಳನ್ನು ಪರಿಶೀಲಿಸಿದ ವೈದ್ಯರು, ದೋಷವಾವುದೆಂದು ತಿಳಿಯುವುದಕ್ಕೆ ಹತ್ತು ವರ್ಷಗಳ ಮೊದಲೇ, ೧೯೮೯ರಲ್ಲಿ, ಇದನ್ನು ಗುರುತಿಸಿದ್ದರು. ಈಗ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ನಮ್ಮ ಪದ್ಧತಿಯನ್ನು ತೆಗೆದುಕೊಳ್ಳೋಣ. ೧೯೮೦ರಿಂದ ೧೯೮೯ರ ವರೆಗೆ ಕರ್ನಾಟಕದಲ್ಲಿ ನಡೆದ ಪರಿಶೀಲನೆಯಲ್ಲಿ ಮೂರರಲ್ಲಿ ಒಂದರಷ್ಟು ಮದುವೆಗಳು ರಕ್ತಸಂಬಂಧದೊಳಗಿನವೇ ಆಗಿದ್ದುವು. ಒಬ್ಬ ಅಜ್ಜಿಗೆ ಈ ದೋಷವಿತ್ತೆಂದು ಭಾವಿಸಿ. ಅವಳ ಮಗನೂ ಮಗಳೂ ತಾಯಿಯಿಂದ ಅದನ್ನು ಪಡೆದರು, ಇಬ್ಬರೂ ಆರೋಗ್ಯವಂತರು. ಮಗಳ ಮಗಳಿಗೆ ಬಂದರೂ ತಾಯಿಯಿಂದಲೇ ಬಂದದ್ದು, ಅವಳೂ ಆರೋಗ್ಯವಂತಳು. ಮಾವನು ಅವಳನ್ನು ಮದುವೆಯಾದನು. ಅವರ ಮಕ್ಕಳಿಗೆ ಈಗ ತಂದೆಯ ಕಡೆಯಿಂದ ದೋಷ ಇಳಿಯುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಇಳಿಯುವ ಸಂಭವವುಂಟು. ಅವರು ದೊಡ್ಡವರಾದ ಮೇಲೆ ಕತ್ತಿನಲ್ಲಿ ಗಂಟು. ಮನೆಯವರು ಏನೆನ್ನುವರು? ‘ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ, ಒಳಸಂಬಂಧದ ಫಲ’ ಎನ್ನುವರು, ಇಲ್ಲವೆ, ಗಂಡಹೆಂಡಿರ ರಕ್ತದ ಗುಂಪು ಒಂದೇ ಆದುದರಿಂದ ಹೀಗಾಯಿತೆನ್ನುವರು. ಎರಡೂ ತಪ್ಪು. ಅದೇ ಮಾವನು ದೂರದ ಊರಿನ ಹೆಣ್ಣನ್ನು ತಂದಿದ್ದರೂ ಅವನಿಂದ ಮಕ್ಕಳಿಗೆ ದೋಷ ಇಳಿಯುವ ಸಂಭವವು ಅಷ್ಟೇ ಇರುತ್ತಿತ್ತು. ಒಳಸಂಬಂಧವನ್ನು ನಾವು ಸಮರ್ಥಿಸುತ್ತಿಲ್ಲ. ಅದರಿಂದಾಗುವ ಬೇರೆ ಕೇಡುಗಳು ಬೇಕಾದಷ್ಟಿವೆ. ಮಾಡದ ಅಪರಾಧವನ್ನು ಅದರ ತಲೆಗೆ ಕಟ್ಟುವುದು ಬೇಡವೆನ್ನುತ್ತೇವೆ. ಇಂತಹ ರೋಗಿಯ ಮನೆಯಲ್ಲಿ ವಿಚಾರಿಸಬೇಕಾದುದು ಇಷ್ಟು: ತಂದೆಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾತ ಇವರಲ್ಲಿ ಯಾರಿಗಾದರೂ ಕತ್ತಿನಲ್ಲಿ ಗಂಟಿತ್ತೆ, ಧ್ವನಿ ಬಿದ್ದುಹೋಗಿತ್ತೆ, ಚಿಕ್ಕ ವಯಸ್ಸಿನಲ್ಲಿಯೇ ರಕ್ತದೊತ್ತಡವಿತ್ತೆ? ವಂಶದ ದೋಷವಿರುವವರಲ್ಲಿ ಎರಡು ಮಗ್ಗುಲಲ್ಲಿಯೂ ಗಂಟೇಳುವುದು ಸಾಮಾನ್ಯ. ಅದೂ ಒಂದು ಸುಳಿವು. ದೋಷವುಂಟೇ ಇಲ್ಲವೇ ಎಂದು ತಿಳಿಯಲು ರಕ್ತದಿಂದಲೇ ವಂಶವಾಹಿಯ ಪರೀಕ್ಷೆ ಮಾಡಬಹುದು.

ಕತ್ತಿನ ಗಂಟೆಲ್ಲ ಇದೇ ಎಂದು ಯಾರೂ ಗಾಬರಿಪಡಬೇಕಾಗಿಲ್ಲ. ನಮ್ಮ ಕಡೆ ಕತ್ತಿನ ಗಂಟಿಗೆ ಸಾಮಾನ್ಯವಾದ ಕಾರಣಗಳು ಬೇರೆ: ಗಂಡಮಾಲೆಯೆಂದು ಹಿಂದಿನವರು ಕರೆಯುತ್ತಿದ್ದ ಕ್ಷಯದ ಗಂಟು, ಥೈರಾಯಿಡ್ ಗ್ರಂಥಿಯ ಊತ, ತಂಬಾಕು ಗುಟಕಾಗಳಿಂದ ಬಾಯಲ್ಲಿ ಹುಟ್ಟಿದ ಕ್ಯಾನ್ಸರು ಕತ್ತಿಗೆ ಇಳಿದದ್ದು. ಈ ಕೊನೆಯದರ ಮುಂದೆ ಕೆರೋಟಿಡ್ ಗಂಟು ಲೆಕ್ಕಕ್ಕೇ ಬರದು. ಅದಕ್ಕೆ ಯಾವ ರಕ್ತದ ಗುಂಪಿನ ರಕ್ಷಣೆಯೂ ಇಲ್ಲ. ಮೂರು ವಾರ ಕಳೆದರೂ ಕರಗದ ಗಂಟನ್ನು ವೈದ್ಯರಿಗೆ ತೋರಿಸಬೇಕು. ಸುಣ್ಣ ಹಚ್ಚುವುದು, ಬರೆ ಎಳೆಯುವುದು ಇವುಗಳಿಂದ ಕಾಲ ಕಳೆಯುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಗಂಟು ದವಡೆಯ ಮೂಲೆಯ ಕೆಳಗಿದ್ದು ನಾಡಿಯಂತೆ ಮಿಡಿಯುತ್ತಿದ್ದರೆ, ಸೂಜಿಯನ್ನಾಗಲಿ ಕತ್ತಿಯನ್ನಾಗಲಿ ಇಡುವುದಕ್ಕೆ ಮುಂಚೆ ಅಲ್ಟ್ರಾಸೌಂಡ್, ಸ್ಕ್ಯಾನ್ ಮುಂತಾದುವುಗಳಿಂದ ಚಿತ್ರ ತೆಗೆಯಿಸಬೇಕು. ಈ ಮೂರು ತಾಲ್ಲೂಕುಗಳ ಮುಖ್ಯ ಊರುಗಳಿಂದ ಕಲಬುರಗಿಗೆ ಸುಮಾರು ೪೦ರಿಂದ ೬೦ ಕಿಲೋಮೀಟರು. ಅಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯೂ ಉಂಟು. ಕೈಯಾಡಿಸಿ ನೋಡುವುದಕ್ಕೆ ಊರಿನ ವೈದ್ಯರು ಸಾಕು. ಕೊಯ್ಯುವುದಕ್ಕೆ ಊರು ಸಾಲದು.

ಕೊಯ್ಯುವ ಮೇಜಿನ ಬಳಿಗೆ ಬಂದಾಗ ರಕ್ತದ ಗುಂಪು ಮೊದಲನೆಯ ಬಾರಿಗೆ ನಿಜವಾಗಿ ಮುಖ್ಯವಾಗುತ್ತದೆ. ಗಂಟು ನಾಳವನ್ನು ಎಷ್ಟರ ಮಟ್ಟಿಗೆ ತಬ್ಬಿಕೊಂಡಿದೆಯೆಂಬುದರ ಮೇಲೆ ಶಸ್ತ್ರವೈದ್ಯರು ಅದನ್ನು ಮೂರು ದರ್ಜೆಗಳಾಗಿ ವಿಂಗಡಿಸುವರು. ಈ ವಿಂಗಡಣೆ ೧೯೭೧ರಲ್ಲಿ ಷ್ಯಾಂಬ್ಲಿನ್ ಮೊದಲಾದವರು ಮಾಡಿದ್ದು. ಮೂರನೆಯ ದರ್ಜೆಯಲ್ಲಿ ಬಹಳ ರಕ್ತ ಹೋಗುವ ಸಂಭವವಿರುವುದರಿಂದ, ರೋಗಿಯ ಗುಂಪಿಗೆ ಒಪ್ಪುವ ರಕ್ತವನ್ನು ಮುಂಚಿತವಾಗಿಯೇ ಕೂಡಿಟ್ಟಿರಬೇಕು. ಇಲ್ಲಿ ನಮ್ಮ ಸೀಮೆಯವರು ತಿಳಿದಿರಬೇಕಾದ ಇನ್ನೊಂದು ಅಪರೂಪದ ಸಂಗತಿಯಿದೆ. ೧೯೫೨ರಲ್ಲಿ ಮುಂಬಯಿಯ ವೈದ್ಯರಾದ ಭೆಂಡೆಯವರೂ ಅವರ ಸಂಗಡಿಗರೂ ಎ, ಬಿ, ಓ ಯಾವುದಕ್ಕೂ ಸೇರದ ಒಂದು ಹೊಸ ಗುಂಪನ್ನು ಕಂಡುಹಿಡಿದರು. ಅದಕ್ಕೆ ಬಾಂಬೆ ಗುಂಪೆಂದೇ ಹೆಸರು ನಿಂತಿತು. ಸಕ್ಕರೆಗಳು ಕೂಡತಕ್ಕ ಸರಪಣಿಯ ಬುಡದ ಕೊಂಡಿಯೇ ಇವರಲ್ಲಿ ಇರುವುದಿಲ್ಲ. ಲೋಕದಲ್ಲಿ ಬಲು ವಿರಳವಾದ ಈ ಗುಂಪು ಮಹಾರಾಷ್ಟ್ರ ಕರ್ನಾಟಕಗಳಲ್ಲಿ ಅಷ್ಟು ವಿರಳವಲ್ಲ; ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಇದ್ದಾರೆನ್ನುವರು. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದರೆ ಮಾತ್ರ ಇದು ಪ್ರಕಟವಾಗುವುದರಿಂದ, ಇಲ್ಲಿ ಒಳಸಂಬಂಧದ ಮದುವೆಯ ಪಾತ್ರವು ನಿಜವಾಗಿಯೂ ಉಂಟು.

ಈ ಗುಂಪಿನವನ ಕೆಂಪುಕಣಗಳನ್ನು ಮಾತ್ರ ಪರೀಕ್ಷಿಸಿದರೆ ಅವನು ಓ ಗುಂಪಿನವನೆಂದೇ ತೋರುವುದು. ಜೇಬಿನಲ್ಲಿರುವ ಚೀಟಿಯಲ್ಲಿಯೂ ಹಾಗೆಯೇ ಬರೆದಿರುವುದು. ಅವನ ರಕ್ತದ ತಿಳಿಯನ್ನು ಓ ಗುಂಪಿನ ಕಣಗಳೊಡನೆ ಬೆರಸಿ ನೋಡಿದಾಗ, ಕಣಗಳು ಗರಣೆಕಟ್ಟಿ, ನಿ‍ಜವು ಹೊರಬೀಳುತ್ತದೆ. ಓ ಗುಂಪಿನ ರಕ್ತವನ್ನು ಅವನಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ; ಅವನಿಗೆ ಅವನ ಗುಂಪಿನವರ ರಕ್ತವೇ ಆಗಬೇಕು. ಆದುದರಿಂದ ಕತ್ತಿನ ಇಂತಹ ಗಂಟನ್ನು ತೆಗೆಯಿಸಿಕೊಳ್ಳಲು ಹೊರಟವರು ಹಳೆಯ ಚೀಟಿಯನ್ನು ನಂಬದೆ, ಶಸ್ತ್ರಚಿಕಿತ್ಸೆಗೆ ಕೆಲವು ವಾರಗಳ ಮುಂಚೆಯೇ ರಕ್ತನಿಧಿಯಲ್ಲಿ ಪೂರ್ಣ ಪರೀಕ್ಷೆಯನ್ನು ಮಾಡಿಸತಕ್ಕದ್ದು. ಬಾಂಬೆ ಗುಂಪೆಂದು ತಿಳಿದುಬಂದರೆ, ಅದು ಅಣ್ಣತಮ್ಮಂದಿರು ಅಕ್ಕತಂಗಿಯರಲ್ಲಿಯೂ ಇರುವ ಸಂಭವ ಹೆಚ್ಚಾದುದರಿಂದ ಮೊದಲು ಅವರನ್ನು ಕರೆಯಿಸಿ ಪರೀಕ್ಷಿಸುವರು. ಯಾರೂ ಸಿಕ್ಕದಿದ್ದರೆ, ರೋಗಿಯ ಮೈಯಲ್ಲಿ ಶಕ್ತಿಯಿದ್ದಲ್ಲಿ, ಅವನ ರಕ್ತವನ್ನೇ ವಾರಕ್ಕಿಷ್ಟರಂತೆ ತೆಗೆದು ಅವನಿಗಾಗಿಯೇ ಶೇಖರಿಸಿಡುವುದೂ ಉಂಟು.